ಟೇಕ್-ಹೋಮ್ ಪರೀಕ್ಷೆಯಲ್ಲಿ ನಾನು ಯಾರನ್ನು ಏನು ಕೇಳಿದೆ

2020ರ ಸೆಪ್ಟೆಂಬರ್ 18, ಶುಕ್ರವಾರ. ಮೂರು ವರ್ಷದ ಎಲ್‌ಎಲ್‌ಬಿಯಲ್ಲಿ ನನ್ನದಿನ್ನೂ ಮೊದಲ ವರ್ಷ. ಕಾಲೇಜು ಬೆಂಗಳೂರಲ್ಲಿ, ನಾನು ಅರಸೀಕೆರೆ ಹತ್ತಿರದ ನಮ್ಮೂರಲ್ಲಿ. ಕೊರೋನಾ ಕಾಲ ಆದ್ದರಿಂದ ಕಾಂಟ್ರ್ಯಾಕ್ಟ್ ಆಕ್ಟ್ ಪರೀಕ್ಷೆಯನ್ನು ಮನೆಗೇ ಕಳಿಸಿದ್ದರು. ಬೆಳಿಗ್ಗೆ ಹತ್ತಕ್ಕೆ ಪ್ರಶ್ನೆಪತ್ರಿಕೆ, ಭಾನುವಾರ ಹತ್ತಕ್ಕೆ ಉತ್ತರ ಅಪ್‌ಲೋಡ್. 48 ಗಂಟೆ, ಮೂರು ಪ್ರಶ್ನೆ, ಪುಸ್ತಕ ನೋಡಿಯೇ ಬರೆಯಬಹುದು.

"ನೋಡ್ಕೊಂಡು ಬರೆಯೋಕೆ ಇಷ್ಟೊಂದು ಗಾಬರಿ ಯಾಕೆ?" ಅಂದರು ಅಪ್ಪ. ಹಿಂದಿನ ದಿನದವರೆಗೂ ನಾನೂ ಹಾಗೇ ಅಂದುಕೊಂಡಿದ್ದೆ. ಪ್ರಶ್ನೆ ತೆರೆದ ಮೇಲೆ ಗೊತ್ತಾಯ್ತು, ಇದು ಯಾವ ಪುಸ್ತಕದಲ್ಲೂ ಉತ್ತರ ಸಿಗದ ಹಾಗೆ ಮಾಡಿದ ಪತ್ರಿಕೆ ಅಂತ.

ಮೊದಲನೇ ಪ್ರಶ್ನೆ ಒಂದು ಚೌಟ್ರಿಯದು. ಮೇ 10ಕ್ಕೆ ಮದುವೆ, ಬಾಡಿಗೆ 1,20,000, ಜನವರಿಯಲ್ಲೇ 50,000 ಅಡ್ವಾನ್ಸ್. ರಸೀದಿಯಲ್ಲಿ "ಯಾವ ಕಾರಣಕ್ಕೂ ಅಡ್ವಾನ್ಸ್ ವಾಪಸ್ ಇಲ್ಲ" ಅಂತ ಅಚ್ಚಾಗಿದೆ. ಅಷ್ಟರಲ್ಲಿ ಲಾಕ್‌ಡೌನ್. ಮೇ ತಿಂಗಳಲ್ಲಿ ಮದುವೆಗೆ 50 ಜನ ಸೇರಬಹುದು ಅಂತ ಕೇಂದ್ರದ ಆದೇಶ ಬಂತು. ಕರೆದಿದ್ದು 800 ಜನರನ್ನ. ಚೌಟ್ರಿಯವರ ವಾದ: 50 ಜನರ ಜೊತೆ ಮಾಡಿಕೊಳ್ಳಿ, ಇಲ್ಲಾ ಆರು ತಿಂಗಳೊಳಗೆ ಬೇರೆ ತಾರೀಖು ತಗೊಳ್ಳಿ. ಹುಡುಗಿ ಕಡೆಯವರಿಗೆ ದುಡ್ಡು ವಾಪಸ್ ಬೇಕು. ನೀವು ಅವರ ವಕೀಲರು, ಸಲಹೆ ಕೊಡಿ.

ಎರಡನೇದು ಒಂದು ಬಟ್ಟೆ ಅಂಗಡಿ. ಲಾಕ್‌ಡೌನಲ್ಲಿ ಎರಡು ತಿಂಗಳು ಬಾಗಿಲು ಹಾಕಿತ್ತು, ಆ ಬಾಡಿಗೆ ಕೊಡಲ್ಲ ಅಂತಾನೆ ಬಾಡಿಗೆದಾರ. ಮೂರನೇದು 17 ವರ್ಷದ ಹುಡುಗ ಬೈಕ್ ಕೊಂಡ ಕಥೆ. ಅದು ಸುಲಭ. ಅಪ್ರಾಪ್ತ ವಯಸ್ಕರು ಮಾಡಿದ ಕರಾರಿಗೆ ಬೆಲೆ ಇಲ್ಲ ಅಂದ 1903ರ ಮೊಹೊರಿ ಬೀಬಿ ಕೇಸಿನಿಂದ ಶುರು ಮಾಡಿದರೆ ದಾರಿ ತಾನಾಗೇ ಸಿಗುತ್ತೆ.

ಮೊದಲು ಮಾಡಿದ ಕೆಲಸ, ಪತ್ರಿಕೆ ತೆಗೆದ ನಮ್ಮ ಮೇಡಂಗೆ ಒಂದು ಮೇಲ್. ಯಾರ ಹತ್ತಿರ ಏನು ಕೇಳಬಹುದು ಅಂತ. ಪತ್ರಿಕೆಯಲ್ಲಿ "ಸ್ವಂತ ಉತ್ತರ ಇರಬೇಕು" ಅಂತ ಮಾತ್ರ ಇತ್ತು. ಅರ್ಧ ಗಂಟೆಯಲ್ಲಿ ಉತ್ತರ ಬಂತು. ಪುಸ್ತಕ, ತೀರ್ಪು, ನೋಟ್ಸ್ ಎಲ್ಲ ನೋಡಬಹುದು. ಓದುವ, ಬರೆಯುವ ಕ್ರಮದ ಬಗ್ಗೆ ಯಾರನ್ನಾದರೂ ಕೇಳಬಹುದು. ಈ ಪ್ರಶ್ನೆಗಳ ಉತ್ತರದ ಬಗ್ಗೆ ಕೇಳಬಾರದು. ಬೇರೆಯವರಿಂದ ಏನಾದರೂ ಸಿಕ್ಕಿದ್ದರೆ ಕೊನೆಯಲ್ಲಿ ಬರೆಯಬೇಕು. ಈ ಮೇಲ್ ಇಲ್ಲದಿದ್ದರೆ ಎರಡು ದಿನ ಕಳ್ಳನ ಥರ ಇರುತ್ತಿದ್ದೆ.

ದೊಡ್ಡಪ್ಪನ ಮಗಳು ಹಾಸನದಲ್ಲಿ ವಕೀಲೆ. ಅವಳಿಗೆ ಫೋನ್ ಮಾಡಿ "ಅಕ್ಕ, ಒಂದು ಚೌಟ್ರಿ ಇದೆ..." ಅಂತ ಶುರು ಮಾಡಿದೆ.

"ಏ, ಪ್ರಶ್ನೆ ಓದಬೇಡ ಕಣೋ. ಕೇಳಿಸಿಕೊಂಡರೆ ನನ್ನ ಬಾಯಿ ಸುಮ್ನಿರಲ್ಲ."

ಆಮೇಲೆ ಅವಳು ಹೇಳಿದ್ದು ಇಷ್ಟೇ. ಒಂದು ಹಾಳೆ ತಗೊಂಡು ಪ್ರಶ್ನೆಯಲ್ಲಿರುವ ತಾರೀಖುಗಳನ್ನೆಲ್ಲ ಸಾಲಾಗಿ ಬರಿ. ಪಕ್ಕದಲ್ಲಿ ಯಾರು ಯಾರಿಗೆ ಎಷ್ಟು ದುಡ್ಡು ಕೊಟ್ಟರು ಅಂತ ಬರಿ. ಆಮೇಲೆ ಎದುರು ಪಾರ್ಟಿ ವಕೀಲ ನೀನೇ ಅಂದುಕೊಂಡು ಒಂದು ಪುಟ ಬರಿ. ಸೆಕ್ಷನ್ ಹುಡುಕೋದು ಇದೆಲ್ಲ ಆದಮೇಲೆ. "ಆಕ್ಟ್ ತೆಗೆದಾಗ ಇಲಸ್ಟ್ರೇಷನ್ ಬಿಡಬೇಡ. ಎಲ್ಲರೂ ಹಾರಿಸ್ತಾರೆ."

ನಾನೂ ಹಾರಿಸಿದ್ದೆ. ಇಡೀ ಸೆಮಿಸ್ಟರ್ ಸೆಕ್ಷನ್ ಮಾತ್ರ ಉರು ಹೊಡೆದಿದ್ದೆ, ಕೆಳಗೆ ಸಣ್ಣ ಅಕ್ಷರದ ಉದಾಹರಣೆಗಳನ್ನು ಓದಿರಲಿಲ್ಲ. ಅವತ್ತು ಮಧ್ಯಾಹ್ನ ಸೆಕ್ಷನ್ 65 ತೆಗೆದೆ. ಕರಾರು ನಡುವೆ ಅನೂರ್ಜಿತವಾದರೆ, ಅಂದರೆ ಕಾನೂನಿನ ಬೆಲೆ ಕಳೆದುಕೊಂಡರೆ, ಪಡೆದ ಲಾಭವನ್ನು ವಾಪಸ್ ಕೊಡಬೇಕು ಅನ್ನುವ ಸೆಕ್ಷನ್. ಅದರ ಕೊನೆಯ ಇಲಸ್ಟ್ರೇಷನ್ನಿನಲ್ಲಿ ಒಬ್ಬ ಹಾಡುಗಾರ ಇದ್ದಾನೆ. ಕಛೇರಿಗೆ ಮುಂಗಡ 1,000 ರೂಪಾಯಿ ಪಡೆದಿದ್ದಾನೆ. ಹುಷಾರಿಲ್ಲದೆ ಹಾಡಲಿಕ್ಕಾಗಲಿಲ್ಲ. ಕರೆಸಿದವನಿಗೆ ತಪ್ಪಿದ ಲಾಭವನ್ನು ಅವನು ಕಟ್ಟಿಕೊಡಬೇಕಿಲ್ಲ, ಆದರೆ ಆ 1,000 ರೂಪಾಯಿ ವಾಪಸ್ ಕೊಡಬೇಕು. 1872ರ ಕಾಯ್ದೆಯಲ್ಲಿ ನನ್ನ ಚೌಟ್ರಿ ಅಡ್ವಾನ್ಸ್ ಸುಮ್ನೆ ಕೂತಿತ್ತು!

ಆದರೆ ಅದಕ್ಕೂ ಮುಂಚೆ ಕರಾರು ಅನೂರ್ಜಿತ ಆಗಿದೆ ಅಂತ ತೋರಿಸಬೇಕಲ್ಲ. ಅದು ಸೆಕ್ಷನ್ 56, ಮಾಡಲು ಅಸಾಧ್ಯವಾದ ಕರಾರು ಅನೂರ್ಜಿತ ಅನ್ನುವುದು. ಇಲ್ಲಿ ಸತ್ಯಬ್ರತ ಘೋಷ್ ಕೇಸನ್ನು ಪೂರ್ತಿ ಓದಿದೆ. ನೋಟ್ಸಿನಲ್ಲಿ ಒಂದೇ ಸಾಲು ಇತ್ತು: "ಅಸಾಧ್ಯ ಅಂದರೆ ಅಕ್ಷರಶಃ ಅಸಾಧ್ಯ ಅಲ್ಲ, ಕರಾರಿನ ಉದ್ದೇಶಕ್ಕೆ ಉಪಯೋಗವಿಲ್ಲದಂತಾದರೂ ಸಾಕು." ಸರಿಯೇ. ಆದರೆ ಆ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಕೊನೆಗೆ ಹೇಳಿದ್ದು ಕರಾರು ಮುರಿದುಬಿದ್ದಿಲ್ಲ ಅಂತ. ಲೇಔಟ್ ಮಾಡಬೇಕಿದ್ದ ಕಲ್ಕತ್ತೆಯ ಜಾಗವನ್ನು ಯುದ್ಧಕಾಲದಲ್ಲಿ ಸರ್ಕಾರ ವಶಕ್ಕೆ ತಗೊಂಡಿತ್ತು, ಅದು ತಾತ್ಕಾಲಿಕ, ಕೆಲಸ ಮುಗಿಸಲು ಗಡುವೂ ಇರಲಿಲ್ಲ. ಅಂದರೆ ಚೌಟ್ರಿಯವರೂ ಇದೇ ಕೇಸನ್ನು ಹಿಡಿದು "ತಾತ್ಕಾಲಿಕ ತೊಂದರೆ, ಬೇರೆ ತಾರೀಖು ಕೊಡ್ತೀವಿ" ಅನ್ನಬಹುದು. ಎದುರು ವಕೀಲನಾಗಿ ಒಂದು ಪುಟ ಬರೆಯದಿದ್ದರೆ ಇದು ನನಗೆ ಹೊಳೆಯುತ್ತಿರಲಿಲ್ಲ.

ಶುಕ್ರವಾರ ರಾತ್ರಿ ಕ್ಲಾಸ್ ವಾಟ್ಸಾಪ್ ಗ್ರೂಪಿಗೆ "ಫುಲ್ ಆನ್ಸರ್ಸ್" ಅಂತ ಒಂದು ಪಿಡಿಎಫ್ ಬಂತು. ತೆರೆಯಲೇ ಇಲ್ಲ ಅಂದರೆ ಸುಳ್ಳು. ಮೊದಲ ಪ್ಯಾರಾ ಓದಿದೆ. ರಸೀದಿಯಲ್ಲಿ ಫೋರ್ಸ್ ಮೆಜ್ಯೂರ್ ಷರತ್ತು (ಕೈಮೀರಿದ ಘಟನೆ ಆದರೆ ಏನು ಅಂತ ಮೊದಲೇ ಹೇಳುವ ಷರತ್ತು) ಇದೆ ಅಂತ ಶುರುವಾಗಿತ್ತು. ಪ್ರಶ್ನೆಯಲ್ಲಿ ಅಂಥ ಷರತ್ತೇ ಇಲ್ಲ. ಇದ್ದಿದ್ದರೆ ಅದು ಮುಂದಿನ ಘಟನೆಯೊಂದನ್ನು ಅವಲಂಬಿಸಿದ ಕರಾರುಗಳ ಸೆಕ್ಷನ್ 32ಕ್ಕೆ ಹೋಗುತ್ತೆ, 56ಕ್ಕಲ್ಲ. 2017ರ ಎನರ್ಜಿ ವಾಚ್‌ಡಾಗ್ ತೀರ್ಪಿನಲ್ಲಿ ಇದು ಸ್ಪಷ್ಟವಾಗಿದೆ. ಡಿಲೀಟ್ ಮಾಡಿದೆ. ಪ್ರಾಮಾಣಿಕತೆ ಅರ್ಧ, ಅದು ತಪ್ಪಾಗಿತ್ತು ಅನ್ನೋದು ಇನ್ನರ್ಧ.

ದೊಡ್ಡ ಎಡವಟ್ಟು ಎರಡನೇ ಪ್ರಶ್ನೆಯಲ್ಲಿ ನನ್ನಿಂದಲೇ ಆಯ್ತು. ಚೌಟ್ರಿಗೆ ಬರೆದ ಸೆಕ್ಷನ್ 56ರ ಪ್ಯಾರಾಗಳನ್ನೇ ಕಾಪಿ ಮಾಡಿ ಬಟ್ಟೆ ಅಂಗಡಿಗೂ ಅಂಟಿಸಿದೆ. ಎರಡೂ ಬಾಡಿಗೆಯೇ ಅಲ್ವಾ? ಶನಿವಾರ ಸಂಜೆ ಹೊತ್ತಿಗೆ 1,400 ಪದ ಆಗಿತ್ತು. ಲಾಕ್‌ಡೌನ್ ಬಾಡಿಗೆ ಬಗ್ಗೆ ಹೊಸ ತೀರ್ಪು ಒಂದಾದರೂ ಹಾಕೋಣ ಅಂತ ತೀರ್ಪುಗಳ ವೆಬ್‌ಸೈಟ್ ಇಂಡಿಯನ್ ಕಾನೂನ್‌ನಲ್ಲಿ ಹುಡುಕಿದೆ. ಮೇ 2020ರ ದೆಹಲಿ ಹೈಕೋರ್ಟ್ ತೀರ್ಪು ಸಿಕ್ಕಿತು, ರಾಮಾನಂದ್ ವಿರುದ್ಧ ಗಿರೀಶ್ ಸೋನಿ. ಖಾನ್ ಮಾರ್ಕೆಟ್ಟಿನ ಅಂಗಡಿ. ಅಲ್ಲಿ ನೇರವಾಗಿ ಇದೆ: ಲೀಸಿಗೆ ಸೆಕ್ಷನ್ 56 ಅನ್ವಯಿಸಲ್ಲ. 1968ರಲ್ಲೇ ರಾಜಾ ಧ್ರುವ್ ದೇವ್ ಚಂದ್ ಕೇಸಿನಲ್ಲಿ ಸುಪ್ರೀಂ ಕೋರ್ಟ್ ಹೇಳಿಬಿಟ್ಟಿದೆ. ಲೀಸ್ ಕೊಟ್ಟಾಗ ಆಸ್ತಿಯ ಹಕ್ಕೇ ವರ್ಗಾವಣೆ ಆಗಿರುತ್ತೆ. ಅದಕ್ಕೆ ನೋಡಬೇಕಾದ್ದು ಆಸ್ತಿ ವರ್ಗಾವಣೆ ಕಾಯ್ದೆಯ ಸೆಕ್ಷನ್ 108. ಅಲ್ಲೂ ಆಸ್ತಿ ನಾಶವಾಗಬೇಕು, ಇಲ್ಲಾ ಶಾಶ್ವತವಾಗಿ ಬಳಸಲಾಗದಂತೆ ಆಗಬೇಕು. ಎರಡು ತಿಂಗಳು ಬಾಗಿಲು ಹಾಕಿದ್ದು ಸಾಲದು. ರಾಮಾನಂದ್ ಕೇಸಿನಲ್ಲಿ ಬಾಡಿಗೆ ಮನ್ನಾ ಆಗಲಿಲ್ಲ, ಕಟ್ಟಲು ಸ್ವಲ್ಪ ಸಮಯ ಮಾತ್ರ ಸಿಕ್ಕಿತು.

1,400 ಪದ ಅಳಿಸಿದೆ. ಕರೆಂಟ್ ಬೇರೆ ಹೋಗಿತ್ತು, ಲ್ಯಾಪ್‌ಟಾಪ್ 30 ಪರ್ಸೆಂಟ್. ಚೌಟ್ರಿಯ ಉತ್ತರಕ್ಕೆ ಮಾತ್ರ ಏನೂ ಧಕ್ಕೆಯಾಗಲಿಲ್ಲ. ಒಂದು ದಿನದ ಮಟ್ಟಿಗೆ ಹಾಲ್ ಬಳಸಲು ಕೊಡೋದು ಲೀಸ್ ಅಲ್ಲ, ಬರೀ ಲೈಸೆನ್ಸ್, ಅಂದರೆ ಬಳಸಲು ಅನುಮತಿ ಅಷ್ಟೇ. ಮೇಡಂ ಎರಡು ಪ್ರಶ್ನೆಗಳನ್ನು ಪಕ್ಕಪಕ್ಕ ಇಟ್ಟಿದ್ದು ಯಾಕೆ ಅಂತ ಆಗ ಅರ್ಥವಾಯ್ತು.

ಕರೆಂಟ್ ಬರೋವರೆಗೆ ಅಡುಗೆಮನೆಯಲ್ಲಿ ಕೂತು ಕಾಫಿ ಕುಡಿತಾ ಇದ್ದೆ. ಅಮ್ಮ ಅಕ್ಕಿ ಆರಿಸುತ್ತಾ ತಾನಾಗೇ ಚಿಕ್ಕಮ್ಮನ ಮಗಳ ಮದುವೆ ಮಾತು ತೆಗೆದಳು. ಅದೂ ಲಾಕ್‌ಡೌನಲ್ಲಿ ನಿಂತಿತ್ತು. "ಬೇರೆ ತಾರೀಖು ಕೊಡ್ತೀವಿ ಅಂದ್ರಂತೆ. ಆಷಾಢ ಆಯ್ತು, ಪಿತೃಪಕ್ಷ ಆಯ್ತು, ನಿನ್ನೆಯಿಂದ ಅಧಿಕ ಮಾಸ. ಮುಹೂರ್ತ ಎಲ್ಲಿದೆ?"

ನಾನು ಲೋಟ ಇಟ್ಟೆ. ಆರು ತಿಂಗಳು ಅಂತ ಚೌಟ್ರಿಯವರು ಕೊಟ್ಟಿದ್ದರಲ್ಲ, ಅದರಲ್ಲಿ ಮದುವೆಗೆ ಬರುವ ದಿನ ಎಷ್ಟು? ಶ್ರಾವಣದಲ್ಲಿ ಮುಹೂರ್ತ ಇತ್ತು, ಆದರೆ ಆಗಲೂ 50 ಜನರ ಮಿತಿ ಇತ್ತು. ಮದುವೆ ಕರಾರಿನಲ್ಲಿ ತಾರೀಖೇ ಜೀವ. ಸತ್ಯಬ್ರತ ಕೇಸಿನ ಗಡುವಿಲ್ಲದ ಲೇಔಟ್ ಕೆಲಸಕ್ಕೂ ಇದಕ್ಕೂ ಇರುವ ವ್ಯತ್ಯಾಸ ಅದೇ. ರಾತ್ರಿ ಒಂದು ಪ್ಯಾರಾ ಸೇರಿಸಿದೆ.

ಆಮೇಲೆ ಕೂತು ಯೋಚಿಸಿದೆ. ಅಮ್ಮನ ಹತ್ತಿರ ನಾನು ಕೇಳಿರಲಿಲ್ಲ, ಪ್ರಶ್ನೆಯನ್ನೂ ಹೇಳಿರಲಿಲ್ಲ. ಆದರೂ ನೆರವು ನೆರವೇ. ಕೊನೆಯ ಪುಟದಲ್ಲಿ ಎರಡು ಸಾಲು ಹಾಕಿದೆ: ಓದುವ ಕ್ರಮ ಅಕ್ಕ ಹೇಳಿಕೊಟ್ಟಿದ್ದು, ಮುಹೂರ್ತದ ವಿಚಾರ ಅಮ್ಮನ ಮಾತಿನಿಂದ ಬಂದದ್ದು. ಪಿಡಿಎಫ್‌ನ ಮೊದಲ ಪ್ಯಾರಾ ಕಣ್ಣಿಗೆ ಬಿದ್ದದ್ದನ್ನೂ ಬರೆದೆ. ಭಾನುವಾರ ಬೆಳಿಗ್ಗೆ ತಾರಸಿ ಮೇಲೆ ನೆಟ್‌ವರ್ಕ್ ಹಿಡಿದು, 9:40ಕ್ಕೆ ಅಪ್‌ಲೋಡ್ ಆಯ್ತು.

ಮೂರು ವಾರಕ್ಕೆ ಪತ್ರಿಕೆ ವಾಪಸ್ ಬಂತು. ನೂರಕ್ಕೆ 68. ಮೂರನೇ ಪ್ರಶ್ನೆ ಸುಲಭ ಅಂದುಕೊಂಡು ಅರ್ಧಂಬರ್ಧ ಬರೆದಿದ್ದೆ, ಅಲ್ಲೇ ಜಾಸ್ತಿ ಹೋಯ್ತು. ಮುಹೂರ್ತದ ಪ್ಯಾರಾ ಪಕ್ಕ ಮೇಡಂ ಟಿಕ್ ಹಾಕಿ, ಕೆಳಗೆ ಬರೆದಿದ್ದರು: "ಯಾವ ಪಂಚಾಂಗ? ಆಧಾರ ಕೊಡಬೇಕು."

ಅಮ್ಮನಿಗೆ ಓದಿ ಹೇಳಿದೆ. "ಒಂಟಿಕೊಪ್ಪಲ್ ಅಂತ ಹಾಕೋಕೆ ನಿಂಗೇನಾಗಿತ್ತೋ?" ಅಂದಳು.