ಕಾರವಾರದ ಉಪ್ಪುಗಾಳಿಯೂ ನೆಪೋಲಿಯನ್ ನಾಣ್ಯವೂ

ನನ್ನ ಹತ್ತಿರ ಫ್ರಾನ್ಸಿನ ಸಾಮ್ರಾಟ ಮೂರನೇ ನೆಪೋಲಿಯನ್ ಕಾಲದ 10 ಸೆಂಟಿಮ್ ಕಂಚಿನ ನಾಣ್ಯ ಒಂದಿದೆ, 1855ರದು. ಒಂದು ಕಡೆ ಸಾಮ್ರಾಟನ ತಲೆ, ಇನ್ನೊಂದು ಕಡೆ ಹದ್ದು.

ಇಂಥದ್ದು ಸಿಕ್ಕರೆ ಮೊದಲು ತೂಗಿ. ಬಂಗಾರದಂಗಡಿಯ ತಕ್ಕಡಿ ಸಾಕು. ಸುಮಾರು 10 ಗ್ರಾಂ ಬರಬೇಕು, ಅಗಲ 30 ಮಿಲಿಮೀಟರ್. ಸವೆದಿದ್ದರೆ ಚೂರು ಕಮ್ಮಿ. ಅಯಸ್ಕಾಂತಕ್ಕೆ ಅಂಟಿತೋ, ನಕಲಿ. ಯಾಕಂದ್ರೆ ಅಸಲಿಯಲ್ಲಿ ನೂರಕ್ಕೆ 95 ಪಾಲು ತಾಮ್ರ, ಉಳಿದದ್ದು ತವರ, ಸತು.

ಹುಣಸೆಹಣ್ಣು ಮಾತ್ರ ಮುಟ್ಟಿಸಬೇಡಿ! ನಮ್ಮ ಆಯಿ ಚೌತಿಗೆ ದೀಪ ತಿಕ್ಕುವಾಗ ಇದನ್ನೂ ತಿಕ್ಕಿ ಫಳಫಳ ಮಾಡಿಟ್ಟಿದ್ದಳು. ಹಳೇ ಕಂದು ಬಣ್ಣ ಹೋಯಿತು, ಬೆಲೆಯೂ ಹೋಯಿತು. ಆಯಿಗೆ ಏನು ಹೇಳೋದು? ಚಾ ಕುಡಿದು ಸುಮ್ನಾದೆ.

ನಮ್ಮ ಕಡೆ ನಿಜವಾದ ಶತ್ರು ಉಪ್ಪುಗಾಳಿ. ತಿಳಿಹಸಿರು ಪುಡಿ ಉದುರತೊಡಗಿದರೆ ಕಂಚಿಗೆ ರೋಗ ಹಿಡಿದಿದೆ ಅಂತ ಲೆಕ್ಕ. ಪುಡಿಯನ್ನು ಬಿದಿರಿನ ಕಡ್ಡಿಯಿಂದ ಮೆಲ್ಲಗೆ ಕೆದಕಿ ತೆಗೆಯಿರಿ. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ನೀರಲ್ಲಿ ನೆನೆಸಿ, ದಿನಾ ನೀರು ಬದಲಿಸಿ, ಒಂದು ವಾರ. ಬಾವಿ ನೀರು ಬೇಡ. ಪೂರ್ತಿ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತೇವ ಹೀರುವ ಸಿಲಿಕಾ ಜೆಲ್ ಜೊತೆ ಇಡಿ. ಜೂನ್‌ಗೆ ಮೊದಲೇ.