ಸ್ಕೋಪ್‌ನಲ್ಲಿ ಝೂಮ್: ಮೊದಲು ಮೆಮೊರಿ, ಆಮೇಲೆ ನಾಬ್

ಲ್ಯಾಬಿನಲ್ಲಿ ಹುಡುಗರು ಆಸಿಲೋಸ್ಕೋಪ್ (ವೋಲ್ಟೇಜ್ ಸಮಯದೊಂದಿಗೆ ಹೇಗೆ ಬದಲಾಗುತ್ತದೆ ಅಂತ ಗೆರೆಯಾಗಿ ತೋರಿಸುವ ಉಪಕರಣ) ಮುಂದೆ ಕೂತ ಕೂಡಲೇ ನಾಬ್ ತಿರುಗಿಸಿ ಝೂಮ್ ಮಾಡಲು ಹೊರಡುತ್ತಾರೆ. ವೇವ್‌ಫಾರ್ಮ್ ಹಿಗ್ಗುತ್ತದೆ, ಆದರೆ ಓರೆಕೋರೆಯಾಗಿ ಕಾಣುತ್ತದೆ. "ಸರ್, ಸ್ಕೋಪ್ ಸರಿ ಇಲ್ಲ" ಅನ್ನುತ್ತಾರೆ. ಸ್ಕೋಪ್ ಸರಿಯಾಗೇ ಇದೆ. ಅದು ಸಿಗ್ನಲ್ಲನ್ನು ಅಳೆದು ಮೆಮೊರಿಯಲ್ಲಿ ಹಿಡಿದಿಟ್ಟುಕೊಂಡ ಪಾಯಿಂಟುಗಳೇ ಕಡಿಮೆ ಇದ್ದರೆ ಝೂಮ್ ಮಾಡಿ ಏನು ಸಿಗುತ್ತೆ ಹೇಳಿ? ಅದಕ್ಕೇ ನಾನು ಈ ಪಾಠವನ್ನು ಮೆಮೊರಿಯಿಂದ ಶುರು ಮಾಡುತ್ತೇನೆ.

ರಿಗಾಲ್ ಡಿಎಸ್1054ಝಡ್ ತುಂಬಾ ಜನರ ಹತ್ತಿರ ಇರುವ ಸ್ಕೋಪ್. ಅದನ್ನೇ ಇಟ್ಟುಕೊಂಡು ಹೇಳುತ್ತೇನೆ. ಕೆಲಸ ಇಷ್ಟು: ಇಎಸ್‌ಪಿ8266 ಅನ್ನುವ ವೈಫೈ ಚಿಪ್ ಇರುವ ನೋಡ್‌ಎಂಸಿಯು ಬೋರ್ಡ್ ರೀಸೆಟ್ ಆದಾಗ ಸೀರಿಯಲ್ ಮಾನಿಟರ್‌ನಲ್ಲಿ ಮೊದಲು ಒಂದಷ್ಟು ಅರ್ಥವಾಗದ ಅಕ್ಷರಗಳು ಬರುತ್ತವಲ್ವಾ, ಅದರ ಬಾಡ್ ರೇಟ್ (ಸೆಕೆಂಡಿಗೆ ಕಳಿಸುವ ಬಿಟ್‌ಗಳ ಸಂಖ್ಯೆ) ಎಷ್ಟು ಅಂತ ಕಂಡುಹಿಡಿಯಬೇಕು.

ಸ್ಕೋಪಿನ ಪ್ರೋಬ್ ತುದಿಯನ್ನು ಬೋರ್ಡು ಡೇಟಾ ಕಳಿಸುವ ಟಿಎಕ್ಸ್ ಪಿನ್ನಿಗೆ, ಕ್ಲಿಪ್ಪನ್ನು ಗ್ರೌಂಡಿಗೆ ಹಾಕಿ. ಪ್ರೋಬಿನ ಸ್ವಿಚ್ 10ಎಕ್ಸ್‌ನಲ್ಲಿದ್ದರೆ (ಸಿಗ್ನಲ್ಲನ್ನು ಹತ್ತರಲ್ಲೊಂದು ಭಾಗ ಮಾಡುವ ಸ್ಥಾನ) ಚಾನೆಲ್ ಮೆನುವಿನಲ್ಲೂ 10ಎಕ್ಸ್ ಇರಲಿ. ಸಿಗ್ನಲ್ 3.3 ವೋಲ್ಟ್, ಆದ್ದರಿಂದ ಒಂದು ಚೌಕಕ್ಕೆ 500 ಮಿಲಿವೋಲ್ಟ್ ಇಡಿ. ಸ್ಕ್ರೀನಿನ ಎತ್ತರದ 8 ಚೌಕಗಳಲ್ಲಿ ಆರೂವರೆ ತುಂಬುತ್ತದೆ. ಇದನ್ನು ಮೊದಲೇ ಮಾಡಬೇಕು. ವೋಲ್ಟೇಜನ್ನು ಅಂಕಿಯಾಗಿ ಬದಲಿಸುವ ಸ್ಕೋಪಿನ ಎಡಿಸಿ 8 ಬಿಟ್ಟಿನದು, ಅಂದರೆ 256 ಮಟ್ಟಗಳಷ್ಟೇ, ಚಿಕ್ಕದಾಗಿ ಹಿಡಿದದ್ದನ್ನು ಆಮೇಲೆ ಎಳೆದರೆ ಹೊಸ ವಿವರವೇನೂ ಬರುವುದಿಲ್ಲ.

ಸಮಯದ ಸ್ಕೇಲ್ ಒಂದು ಚೌಕಕ್ಕೆ 10 ಮಿಲಿಸೆಕೆಂಡ್. ಅಡ್ಡಕ್ಕೆ 12 ಚೌಕ, ಅಂದರೆ ಒಟ್ಟು 120 ಮಿಲಿಸೆಕೆಂಡ್. ಈಗ ಅಕ್ವೈರ್ ಬಟನ್ ಒತ್ತಿ ಮೆಮೊರಿ ಡೆಪ್ತ್, ಅಂದರೆ ಎಷ್ಟು ಪಾಯಿಂಟ್ ಹಿಡಿದಿಡುತ್ತದೆ ಅನ್ನುವುದನ್ನು ನೋಡಿ. ಅಲ್ಲಿ 12 ಸಾವಿರ ಪಾಯಿಂಟ್ ಇದ್ದರೆ 10 ಮೈಕ್ರೋಸೆಕೆಂಡಿಗೆ ಒಂದೇ ಪಾಯಿಂಟ್ ಸಿಗುತ್ತದೆ. ನಾವು ಅಳೆಯಲಿರುವ ಬಿಟ್ ಸುಮಾರು 13 ಮೈಕ್ರೋಸೆಕೆಂಡಿನದು, ಅದು ಒಮ್ಮೆ 10, ಇನ್ನೊಮ್ಮೆ 20 ಅಂತ ಕಾಣುತ್ತದೆ. ಅಳತೆ ಅಲ್ಲಿಗೇ ಕೆಟ್ಟಿತು. 12 ಎಂ, ಅಂದರೆ 120 ಲಕ್ಷ ಪಾಯಿಂಟ್ ಆರಿಸಿ. ಈಗ 10 ನ್ಯಾನೋಸೆಕೆಂಡಿಗೆ ಒಂದು ಪಾಯಿಂಟ್. ಬೇಡದ ಚಾನೆಲ್‌ಗಳನ್ನು ಆಫ್ ಮಾಡಿ, ಎರಡು ಚಾನೆಲ್ ಆನ್ ಇದ್ದರೆ ಈ ಮೆಮೊರಿ ಅರ್ಧ ಆಗುತ್ತದೆ. ಮೆಮೊರಿ ಡೆಪ್ತನ್ನು ಆಟೋದಲ್ಲಿ ಬಿಟ್ಟು ನಂಬಿ ಕೂರಬೇಡಿ.

ಸ್ಕೋಪ್ ಯಾವಾಗ ಹಿಡಿಯಬೇಕು ಅಂತ ಹೇಳುವ ಟ್ರಿಗರ್ ಅನ್ನು ಸಿಗ್ನಲ್ಲಿನ ಇಳಿಯುವ ಅಂಚಿಗೆ ಇಡಿ, ಮಟ್ಟ ಸುಮಾರು 1.6 ವೋಲ್ಟ್. ಟ್ರಿಗರ್ ಬಿಂದುವನ್ನು ಎಡಕ್ಕೆ ಸರಿಸಿ, ನಮಗೆ ಬೇಕಿರುವುದು ಅದರ ನಂತರ ಬರುವ ಭಾಗ. ಒಮ್ಮೆ ಮಾತ್ರ ಹಿಡಿದು ನಿಲ್ಲಿಸುವ ಸಿಂಗಲ್ ಬಟನ್ ಒತ್ತಿ, ಬೋರ್ಡಿನ ರೀಸೆಟ್ ಒತ್ತಿ. ಸ್ಕ್ರೀನಿನಲ್ಲಿ ಒತ್ತೊತ್ತಾದ ಗೀಟುಗಳ ಗುಂಪು ಬಂದು ನಿಲ್ಲುತ್ತದೆ.

ಝೂಮ್ ಈಗ. ಹಾರಿಜಾಂಟಲ್ ಸ್ಕೇಲ್ ನಾಬನ್ನು ತಿರುಗಿಸುವ ಬದಲು ಒಮ್ಮೆ ಒಳಕ್ಕೆ ಒತ್ತಿ. ಸ್ಕ್ರೀನ್ ಎರಡು ಭಾಗವಾಗುತ್ತದೆ. ಮೇಲೆ ಪೂರ್ತಿ ಸಿಗ್ನಲ್, ಕೆಳಗೆ ಅದರ ಒಂದು ತುಣುಕು. ಮೇಲಿನ ಭಾಗದಲ್ಲಿ ನೀಲಿ ಮಬ್ಬು ಇಲ್ಲದ ಕಿಂಡಿಯೇ ಕೆಳಗೆ ದೊಡ್ಡದಾಗಿ ಕಾಣುವುದು. ಸ್ಕೇಲ್ ನಾಬ್ ತಿರುಗಿಸಿದರೆ ಕಿಂಡಿ ಕಿರಿದಾಗುತ್ತದೆ, ಪೊಸಿಷನ್ ನಾಬ್ ಅದನ್ನು ಅತ್ತಿತ್ತ ಸರಿಸುತ್ತದೆ. ನನಗೆ ಈ ಸ್ಕೋಪಿನಲ್ಲಿ ತುಂಬಾ ಇಷ್ಟವಾದ ಸೌಲಭ್ಯ ಇದೇ. ಸ್ಟಾಪ್ ಆದ ಸಿಗ್ನಲ್ಲನ್ನು ಸುಮ್ನೆ ಹಿಗ್ಗಿಸಲೂಬಹುದು, ಆದರೆ ಹಾಗೆ ಮಾಡಿದಾಗ ಎಲ್ಲಿದ್ದೇವೆ ಅನ್ನುವುದೇ ಗೊತ್ತಾಗುವುದಿಲ್ಲ.

ಕೆಳಗಿನ ಭಾಗವನ್ನು ಚೌಕಕ್ಕೆ 10 ಮೈಕ್ರೋಸೆಕೆಂಡಿಗೆ ತನ್ನಿ, ಅತಿ ಕಿರಿದಾದ ಪಲ್ಸ್ ಹುಡುಕಿ. ಅದು ಒಂದು ಬಿಟ್. ಒಂದು ಚೌಕ ದಾಟಿ ಇನ್ನೂ ಮೂರನೇ ಒಂದು ಭಾಗದಷ್ಟು ಇರುತ್ತದೆ. ರೇಟ್ ಸಾಮಾನ್ಯವಾಗಿ ಬಳಸುವ 115200 ಆಗಿದ್ದರೆ ಒಂದು ಚೌಕವೂ ತುಂಬುತ್ತಿರಲಿಲ್ಲ. ಇನ್ನೂ ನಿಖರವಾಗಿ ಬೇಕಾದರೆ 2 ಮೈಕ್ರೋಸೆಕೆಂಡಿಗೆ ಇಳಿಸಿ. ಅದೇ ಪಲ್ಸ್ ಆರೂವರೆ ಚೌಕಕ್ಕಿಂತ ತುಸು ಜಾಸ್ತಿ ಹರಡುತ್ತದೆ, ಅಂದರೆ ಸುಮಾರು 13.35 ಮೈಕ್ರೋಸೆಕೆಂಡ್. ಒಂದು ಸೆಕೆಂಡಿನ 10 ಲಕ್ಷ ಮೈಕ್ರೋಸೆಕೆಂಡನ್ನು ಅದರಿಂದ ಭಾಗಿಸಿದರೆ ಬಾಡ್ ರೇಟ್ 74,900ರ ಆಸುಪಾಸು.

ನಿಜವಾದ ರೇಟ್ 74880. ಚಿಪ್ಪಿನೊಳಗಿನ ಬೂಟ್ ಕೋಡ್ 40 ಮೆಗಾಹರ್ಟ್ಸ್ ಕ್ರಿಸ್ಟಲ್ (ಚಿಪ್ಪಿಗೆ ತಾಳ ಕೊಡುವ ಭಾಗ) ಇದೆ ಅಂದುಕೊಂಡು 115200ಕ್ಕೆ ಲೆಕ್ಕ ಹಾಕುತ್ತದೆ, ಬೋರ್ಡಿನಲ್ಲಿ ಇರುವುದು 26 ಮೆಗಾಹರ್ಟ್ಸ್. 115200ನ್ನು 26ರಿಂದ ಗುಣಿಸಿ 40ರಿಂದ ಭಾಗಿಸಿ ನೋಡಿ. ಆರ್ಡುಯಿನೋ ಸೀರಿಯಲ್ ಮಾನಿಟರ್‌ನ ಪಟ್ಟಿಯಲ್ಲೂ 74880 ಇದೆ. ಅದನ್ನು ಆರಿಸಿ ಮತ್ತೆ ರೀಸೆಟ್ ಒತ್ತಿದರೆ ಬೂಟ್ ಸಂದೇಶವನ್ನು ಓದಬಹುದು.