ಹಂಡೆ ಒಲೆ ಮುಂದೆ ಮೂರು ಸಾಲು: ರೇಟ್ ಕೇಳಲು ಬಾಯಿ ಬಂದದ್ದು ಹೀಗೆ

ಈ ಸಲ ರೋಬಸ್ಟಾ ಚೆರಿಗೆ (ಸಿಪ್ಪೆ ಸಮೇತ ಒಣಗಿಸಿದ ಕಾಫಿ ಹಣ್ಣಿಗೆ) ರೇಟನ್ನು ನಾನೇ ಮೊದಲು ಹೇಳಿ, ಹೇಳಿದ್ದರ ಹತ್ತಿರಕ್ಕೇ ಮಾರಿದ್ದೇನೆ. ದಿನಾ ಹಂಡೆ ಒಲೆ ಮುಂದೆ ಕೂತು ಪುಸ್ತಕದಲ್ಲಿ ಮೂರು ಸಾಲು ಬರೆದು, ಹೇಳಿದ ಕೆಲಸ ಆಗಿದ್ದರೆ ಗೀಟು ಹಾಕುವುದು ನನ್ನ ಅಭ್ಯಾಸ. "ಪುಸ್ತಕದಲ್ಲಿ ಗೀಟು ಹಾಕಿದ್ರೆ ಬಾಯಿ ಬರುತ್ತೇನೋ?" ಎಂದು ಮೂಡಿಗೆರೆ ಕಡೆಯ ಗೆಳೆಯರು ಎರಡು ವರ್ಷ ಕೇಳಿದರು. ಬರುತ್ತೆ. ಆ ಗೆಳೆಯರು ಮಾರಿದ ರೇಟಿಗೂ ನಾನು ಮಾರಿದ ರೇಟಿಗೂ ಲೆಕ್ಕ ಹಾಕಿದರೆ ಚೀಲಕ್ಕೆ ಒಂದೂವರೆ ಪಾಯಿಂಟಿನಷ್ಟು ವ್ಯತ್ಯಾಸ (ಪಾಯಿಂಟ್ ಎಂದರೆ ಚೀಲದಲ್ಲಿ ಸಿಗುವ ಒಂದು ಕೆಜಿ ಬೇಳೆ, ಅಂದರೆ ಸಿಪ್ಪೆ ಹೋದ ಬೀಜ; ರೇಟ್ ಕಟ್ಟುವುದು ಅದರ ಮೇಲೆ). 60 ಚೀಲಕ್ಕೆ 36,000 ರೂಪಾಯಿಯ ಆಸುಪಾಸು.

ಮೊದಲು ದುಡ್ಡು ಹೋದ ಲೆಕ್ಕ. ಬೆಂಗಳೂರಿನಲ್ಲಿ ಎರಡು ದಿನದ ವ್ಯಕ್ತಿತ್ವ ವಿಕಸನ ಶಿಬಿರಕ್ಕೆ 6,500, ಬಸ್ಸು-ರೂಮು ಸೇರಿ ಇನ್ನೊಂದು 2,000. ಫೋನಿನಲ್ಲಿ ಅಭ್ಯಾಸ ಲೆಕ್ಕ ಇಡುವ ಆ್ಯಪ್‌ಗೆ ವರ್ಷಕ್ಕೆ 1,200ರ ಹತ್ತಿರ. ಶಿಬಿರದ ಹುರುಪು ಗುರುವಾರದವರೆಗೆ ಇತ್ತು. ಗೊತ್ತಿಲ್ಲದವರ ಮುಂದೆ ಮೈಕ್ ಹಿಡಿದು ಕೂಗುವುದು ಕಷ್ಟವಲ್ಲ, ಅಲ್ಲಿ ಎಲ್ಲರೂ ಚಪ್ಪಾಳೆ ಹೊಡೆಯುತ್ತಾರೆ. "ಮಾಯಿಶ್ಚರ್ ಜಾಸ್ತಿ ಇದೆ" ಎಂದು ಕಾಳು ಕಚ್ಚಿ ನೋಡುವ ಕಾಫಿ ವ್ಯಾಪಾರಿಗಳು ಆ ಸಭಾಂಗಣದಲ್ಲಿ ಒಬ್ಬರೂ ಇರುವುದಿಲ್ಲ. ಆ್ಯಪ್ ಕೆಟ್ಟದ್ದಲ್ಲ, ಆದರೆ ಮಳೆಗಾಲದಲ್ಲಿ ಮೂರು ದಿನ ಕರೆಂಟ್ ಇಲ್ಲದ ಮನೆಗೆ ಅದು ಹೊಂದುವುದಿಲ್ಲ.

ಗೋಡೆಯ ಬೆಂಗಳೂರು ಪ್ರೆಸ್ ಕ್ಯಾಲೆಂಡರಿನಲ್ಲಿ ಗೀಟು ಹಾಕಿಯೂ ನೋಡಿದೆ. ಹಾಲಿನ ಲೆಕ್ಕ, ಗ್ಯಾಸ್ ಬಂದ ತಾರೀಕು, ಆಳುಗಳ ಹಾಜರಿ ಎಲ್ಲ ಅದೇ ಚೌಕಗಳಲ್ಲಿ ತುಂಬಿ ನನ್ನ ಗೀಟು ಯಾವುದು ಎಂದೇ ತಿಳಿಯದಾಯಿತು. ಈಗ ಇರುವುದು 40 ರೂಪಾಯಿಯ ರೂಲ್ಡ್ ಪುಸ್ತಕ.

"ಬೆಳಿಗ್ಗೆ 5ಕ್ಕೆ ಏಳಬೇಕು" ಎಂಬ ಹಟ ಮೂರು ಸಲ ಬಿದ್ದುಹೋಯಿತು. ಕೊಯ್ಲಿನ ಸಮಯದಲ್ಲಿ ಕಣದಲ್ಲಿ ಟಾರ್ಪಾಲ್ ಹೊದಿಸಿ ಮಲಗುವಾಗ ಹನ್ನೊಂದಾಗಿರುತ್ತದೆ, ಗಡಿಯಾರಕ್ಕೆ ಗಂಟು ಹಾಕಿದ ಅಭ್ಯಾಸ ಅಲ್ಲಿಗೇ ಮುಗಿಯುತ್ತದೆ. ಕೆಲಸಕ್ಕೆ ಗಂಟು ಹಾಕಿ. ನಮ್ಮಲ್ಲಿ ಒಂದು ದಿನವೂ ತಪ್ಪದ ಕೆಲಸ ಎಂದರೆ ಹಂಡೆಗೆ ಬೆಂಕಿ ಹಾಕುವುದು. ತೆಂಗಿನ ಗರಿ ಹೊತ್ತಿ ಸಿಲ್ವರ್ ಓಕಿನ ಚಕ್ಕೆಗೆ ಬೆಂಕಿ ಹಿಡಿಯಲು ನಾಲ್ಕೈದು ನಿಮಿಷ ಬೇಕು. ಅಲ್ಲಿಂದ ಎದ್ದು ಹೋಗುವಂತಿಲ್ಲ. ಆ ನಾಲ್ಕೈದು ನಿಮಿಷವೇ ನನ್ನ ಇಡೀ ಅಭ್ಯಾಸ.

ಬರೆಯುವುದು ಮೂರೇ ಸಾಲು. ನಿನ್ನೆ ಮಾಡುತ್ತೇನೆಂದದ್ದು ಆಯಿತೇ ಇಲ್ಲವೇ, ಆಗಿದ್ದರೆ ಒಂದು ಗೀಟು. ಇವತ್ತು ಮಾಡುವ ಒಂದೇ ಕೆಲಸ. ಇವತ್ತು ಯಾರ ಹತ್ತಿರ ಯಾವ ಮಾತು ಆಡಬೇಕು. ಎರಡನೆಯ ಸಾಲಿನಲ್ಲಿ ಹೆಚ್ಚಿನವರು ಸೋಲುತ್ತಾರೆ. "ಚಿಗುರು ತೆಗೆಯೋದು" ಎಂದು ಬರೆದ ದಿನ ಕೆಲಸ ಆಗುವುದಿಲ್ಲ. "ತಿಂಡಿ ಆದ ಮೇಲೆ ಮೇಲಿನ ಬ್ಲಾಕಿನಲ್ಲಿ 40 ಗಿಡದ ಚಿಗುರು" ಎಂದು ಬರೆದ ದಿನ ಆಗುತ್ತದೆ. ಯಾವುದರ ನಂತರ, ಎಲ್ಲಿ, ಎಷ್ಟು, ಈ ಮೂರೂ ಸಾಲಿನಲ್ಲಿ ಇರಬೇಕು. ಮೊದಲ ತಿಂಗಳು ನಾನು 100 ಗಿಡ ಬರೆದು ಕೆಟ್ಟೆ, ಹತ್ತು ದಿನಕ್ಕೆ ನಾಲ್ಕೂ ಗೀಟು ಬೀಳಲಿಲ್ಲ. ಜ್ವರ ಬಂದ ದಿನವೂ ಮುಗಿಸಬಹುದಾದಷ್ಟು ಸಣ್ಣದಾಗಿ ಬರೆಯಿರಿ. ಹೆಚ್ಚು ಮಾಡಿದರೆ ಲಾಭ, ಲೆಕ್ಕಕ್ಕೆ ಮಾತ್ರ ಬರೆದಷ್ಟೇ.

21 ದಿನಕ್ಕೆ ಅಭ್ಯಾಸ ಕೂರುತ್ತದೆ ಎಂಬ ಮಾತನ್ನು ಬಿಟ್ಟುಬಿಡಿ. ಲಂಡನ್ನಿನ ಯೂನಿವರ್ಸಿಟಿ ಕಾಲೇಜಿನವರು 96 ಜನರನ್ನು ಇಟ್ಟುಕೊಂಡು ನೋಡಿದಾಗ ಸಿಕ್ಕಿದ್ದು ಸುಮಾರು 66 ದಿನ, ಜನರನ್ನು ನೋಡಿ 18ರಿಂದ 254ರವರೆಗೆ. ಒಂದು ದಿನ ತಪ್ಪಿದರೆ ಅಂಥ ನಷ್ಟವೇನೂ ಇಲ್ಲ ಎಂದೂ ಅವರೇ ಕಂಡುಕೊಂಡರು. ನನಗೆ ಹೆಚ್ಚುಕಮ್ಮಿ 80 ದಿನ ಹಿಡಿಯಿತು. ಎರಡು ದಿನ ಒಟ್ಟಿಗೆ ತಪ್ಪಬಾರದು ಎಂಬುದೊಂದೇ ನನ್ನ ಕಟ್ಟುಪಾಡು.

ಆ ಕಟ್ಟುಪಾಡು ಮುರಿದದ್ದು ಜುಲೈಯಲ್ಲಿ, ಹನ್ನೊಂದು ದಿನ. ಕಾರಣ ಸೋಮಾರಿತನವಲ್ಲ, ಹಸಿ ಸೌದೆ. ಬೆಂಕಿ ಹಿಡಿಯಲು ಇಪ್ಪತ್ತು ನಿಮಿಷ, ಹೊಗೆಗೆ ಕಣ್ಣು ಬಿಡಲಾಗದು, ಥಂಡಿ ಹಿಡಿದ ಹಾಳೆ ಮೇಲೆ ಬಾಲ್‌ಪೆನ್ ಜಾರುತ್ತದೆ. ಈಗ ಏಪ್ರಿಲ್‌ನಲ್ಲೇ ಎರಡು ಗೋಣಿ ಒಣ ಚಕ್ಕೆಯನ್ನು ಅಟ್ಟಕ್ಕೆ ಹಾಕಿಡುತ್ತೇನೆ, ಬೆಂಕಿ ಹಚ್ಚಲು ಮಾತ್ರ. ಪೆನ್ ಬದಲು ಪೆನ್ಸಿಲ್, ಪುಸ್ತಕಕ್ಕೆ ಪ್ಲಾಸ್ಟಿಕ್ ಕವರ್. ಕಳೆದ ಮಳೆಗಾಲದಲ್ಲಿ ತಪ್ಪಿದ್ದು ಒಟ್ಟು ಮೂರೋ ನಾಲ್ಕೋ ದಿನ.

ಇನ್ನು ಮಾತಿನ ವಿಷಯ. ಗೀಟುಗಳಿಂದ ನನ್ನ ಮಾತನ್ನು ನಾನೇ ನಂಬುವಂತಾಯಿತು, ಆದರೆ ಕಾಫಿ ಕೊಳ್ಳುವವರ ಅಂಗಡಿಯಲ್ಲಿ ನಿಂತಾಗ ಅಷ್ಟು ಸಾಲದು, ಕೈಯಲ್ಲಿ ಅಂಕಿ ಇರಬೇಕು. ಓಟಿಯನ್ನು, ಅಂದರೆ 50 ಕೆಜಿ ಚೆರಿಯಲ್ಲಿ ಎಷ್ಟು ಕೆಜಿ ಬೇಳೆ ಸಿಗುತ್ತದೆ ಎಂಬ ಲೆಕ್ಕವನ್ನು, ಮನೆಯಲ್ಲೇ ತೆಗೆದುಕೊಂಡು ಹೋಗಿ. ಐದಾರು ಚೀಲದ ಮೇಲೆ, ನಡುವೆ, ತಳದಿಂದ ತೆಗೆದು ಬೆರೆಸಿದ 500 ಗ್ರಾಂ ಚೆರಿಯನ್ನು ಒರಳಲ್ಲಿ ಮೆಲ್ಲಗೆ ಕುಟ್ಟಿ, ಮೊರದಲ್ಲಿ ಕೇರಿ, ಬೇಳೆ ತೂಗಿ ಹತ್ತರಿಂದ ಭಾಗಿಸಿ. 260 ಗ್ರಾಂ ಬಂದರೆ ಓಟಿ 26. ಪಾಯಿಂಟಿಗೆ 400 ಇದ್ದರೆ 50 ಕೆಜಿ ಚೀಲಕ್ಕೆ 10,400. ನಾನು ಮೊದಲು ಮೇಲಿನ ಚೀಲದಿಂದಷ್ಟೇ ತೆಗೆದು 28 ಎಂದು ಹೇಳಿ, ಅಂಗಡಿಯ ಸ್ಯಾಂಪಲ್‌ನಲ್ಲಿ 25 ಬಂದು ಮಾತು ನಿಂತುಹೋಯಿತು. ಜೋರಾಗಿ ಕುಟ್ಟಿದರೆ ಒಡಕು ಹೊಟ್ಟಿನ ಜೊತೆ ಹಾರಿ ಓಟಿ ಕಡಿಮೆ ತೋರಿಸುತ್ತದೆ, ಸಿಪ್ಪೆ ಉಳಿದರೆ ಹೆಚ್ಚು. ಮೂರು ಸಲ ತೆಗೆದು ಅದರಲ್ಲಿ ಕಡಿಮೆ ಬಂದದ್ದನ್ನು ಹೇಳಿ. ಅವರ ಮಿಷನ್ನಿನಲ್ಲಿ ನಿಮ್ಮ ಅಂಕಿಯೇ ಬಂದ ಮೇಲೆ ಮಾತಿನ ತೂಕವೇ ಬೇರೆ.

ಧೈರ್ಯಕ್ಕೆ ಮೆಟ್ಟಿಲು ಮಾಡಿಕೊಂಡೆ. ಫೋನ್‌ನಲ್ಲಿ ರೇಟ್ ಕೇಳಿ "ಯೋಚನೆ ಮಾಡಿ ಹೇಳ್ತೀನಿ" ಎಂದು ಇಡುವುದು. ಅಂಗಡಿಗೇ ಹೋಗಿ ಕೇಳಿ ಮಾರದೆ ಬರುವುದು. ಸ್ಯಾಂಪಲ್ ಇಟ್ಟು ಓಟಿ ನಾನೇ ಹೇಳುವುದು. ನಾಲ್ಕು ಜನ ಕೂತಿರುವಾಗ ರೇಟ್ ಹೇಳುವುದು. ಒಂದು ಮೆಟ್ಟಿಲನ್ನು ಐದಾರು ಸಲ ಮಾಡಿ, ಎದೆ ಹೊಡೆದುಕೊಳ್ಳುವುದು ನಿಂತ ಮೇಲೆ ಮುಂದಿನದು. ಮೊದಲಿನಿಂದ ನೇರ ಕೊನೆಯದಕ್ಕೆ ಹಾರಿದ ವರ್ಷ ಮೊದಲ ರೇಟಿಗೇ ಎಲ್ಲ ಚೀಲ ಕೊಟ್ಟು ಬಂದೆ.

ಕೆಡುವ ಜಾಗ ಒಂದೇ. "ಎಷ್ಟಕ್ಕೆ ಮುಗಿಸೋಣ ಗೌಡ್ರೆ?" ಎನ್ನುತ್ತಾರೆ ಅಂಗಡಿಯವರು. ನಾವು ರೇಟ್ ಹೇಳುತ್ತೇವೆ. ಅವರು ಸುಮ್ಮನೆ ಕಾಳು ತಿರುಗಿಸುತ್ತಾ ಕೂರುತ್ತಾರೆ. ಆ ಮೌನ ತಡೆಯದೆ ನಮ್ಮ ಬಾಯಿಂದಲೇ ಬರುತ್ತದೆ: "ಇಲ್ಲಾಂದ್ರೆ ನೀವೇ ನೋಡಿ ಹಾಕಿ." ಅಲ್ಲಿಗೆ ಮುಗಿಯಿತು. ರೇಟ್ ಹೇಳಿದ ಮೇಲೆ ಮನಸ್ಸಿನಲ್ಲೇ ಎಂಟರವರೆಗೆ ಎಣಿಸಿ. ಹೆಚ್ಚಿನ ಸಲ ಐದಾರಕ್ಕೇ ಅವರು ಮಾತಾಡುತ್ತಾರೆ. ಮೌನ ತುಂಬಲು ಏನಾದರೂ ಅನ್ನುವ ಚಾಳಿ ಬಿಡಲು ಮನೆಯಲ್ಲಿ ಬಲಗಡೆ ಜೇಬಿನಲ್ಲಿ ಹತ್ತು ಕಾಫಿ ಬೀಜ ಹಾಕಿಕೊಂಡು, "ಅಂದ್ರೆ", "ಏನಂದ್ರೆ" ಎಂದಾಗಲೆಲ್ಲ ಒಂದನ್ನು ಎಡಗಡೆಗೆ ಹಾಕಿದೆ. ಮೊದಲ ದಿನ ತಿಂಡಿ ಮುಗಿಯುವುದರೊಳಗೆ ಬಲ ಜೇಬು ಖಾಲಿ. ಆರು ವಾರಕ್ಕೆ ಇಡೀ ದಿನಕ್ಕೆ ಮೂರ್ನಾಲ್ಕು ಬೀಜಕ್ಕೆ ಇಳಿಯಿತು.

ತಣ್ಣೀರು ಸ್ನಾನವನ್ನೂ ಡಿಸೆಂಬರಿನಲ್ಲಿ 15 ದಿನ ಮಾಡಿದೆ. ನೆಗಡಿ ಬಂತು, ಹಂಡೆಗೆ ಬೆಂಕಿ ಹಾಕುವುದು ನಿಂತು ಮೂರು ಸಾಲೂ ನಿಂತವು. ಹಳೆ ಅಭ್ಯಾಸದ ಬುಡ ಕೀಳುವ ಹೊಸ ಅಭ್ಯಾಸ ಬೇಡ.

ಪುಸ್ತಕದ ಕೊನೆ ಹಾಳೆಯಲ್ಲಿ ಏನು ಬರೆದಿಟ್ಟಿದ್ದೇನೆ, ಅಂಗಡಿಯಲ್ಲಿ ನನ್ನ ಮೊದಲ ವಾಕ್ಯ ಯಾವುದು ಎಂದು ಇಲ್ಲಿ ಬರೆಯುವುದಿಲ್ಲ. ಆ ವಾಕ್ಯ ಎಲ್ಲರೂ ಹೇಳಿದರೆ ಕೆಲಸ ಮಾಡುವುದಿಲ್ಲ. ಓಟಿ ತೆಗೆಯುವುದು ಕಷ್ಟವಾದವರು ಸ್ಯಾಂಪಲ್ ತಂದರೆ ನಮ್ಮ ಒರಳಲ್ಲೇ ಕುಟ್ಟಿ ತೋರಿಸುತ್ತೇನೆ. ಸಂಜೆ ನಾಲ್ಕರ ಮೇಲೆ ಬನ್ನಿ, ಅಷ್ಟು ಹೊತ್ತಿಗೆ ಕಣದ ಹಗಲಿನ ಕೆಲಸ ಮುಗಿದಿರುತ್ತದೆ.